ಯಲ್ದೂರಿನ ಬೇವಿನ ಬಿಲ್ಲೆ

ಯಲ್ದೂರು,
ನವೆಂಬರ್ 9, 1941

ಮುನಿರಾಮಪ್ಪನವರಿಗೆ,

ಹತ್ತು ವರ್ಷದ ಮೇಲೆ ನನ್ನ ಅಕ್ಷರ ಕಂಡು ಕಾಗದವನ್ನು ಒಲೆಗೆ ಹಾಕದೆ ಇಷ್ಟು ಓದಿದ್ದೀರಾದರೆ, ಇನ್ನು ನಾಲ್ಕು ಸಾಲು ಓದಿಬಿಡಿ. ನಾನು ಯಲ್ದೂರು ಶಾಲೆಯ ಹೆಡ್‌ಮಾಸ್ಟರ್ ಕೋದಂಡರಾಮಪ್ಪ. ನೀವು ಮಾಲೂರಿನಲ್ಲಿ ಹೆಂಚಿನ ಗೂಡಿನವರಿಗೆ ಮರದ ಅಚ್ಚು ಮಾಡಿಕೊಡುತ್ತಿದ್ದೀರೆಂದು ಸಂತೆಗೆ ಬಂದ ನಿಮ್ಮ ಷಡ್ಡಕ ಹೇಳಿದ. ವಿಳಾಸವನ್ನೂ ಅವನೇ ಕೊಟ್ಟ.

ವಿಷಯ ನಮ್ಮ ಬೇವಿನ ಬಿಲ್ಲೆಯದು. ಮೂವತ್ತೊಂದನೇ ಇಸವಿಯ ಬೇಸಿಗೆಯ ಗಾಳಿಗೆ ಊರ ಮುಂದಿನ ಮುದಿ ಬೇವು ಉರುಳಿದಾಗ, ಬುಡದ ಹತ್ತಿರ ಅಡ್ಡ ಕೊಯ್ದು, ಒಂದು ಗೇಣು ದಪ್ಪದ ದುಂಡು ಬಿಲ್ಲೆ ಮಾಡಿಕೊಟ್ಟವರು ನೀವು. ಮಕ್ಕಳು ಸುತ್ತ ಕೂತು ಉಂಗುರ ಎಣಿಸಲಿ ಎಂದು ಶಾಲೆಯ ಮುಂದಿನ ಕಲ್ಲುಕಟ್ಟೆಯ ಮೇಲೆ ಅದನ್ನು ಮಲಗಿಸಿದವನು ನಾನು. ಇವತ್ತು ಅದನ್ನು ನೋಡಿದರೆ ನಿಮಗೆ ಗುರುತು ಸಿಗಲಾರದು. ಮೈಯೆಲ್ಲ ಬೂದಿ ಬಣ್ಣ. ಹೃದಯದಿಂದ ಅಂಚಿನವರೆಗೆ ಕೈ ಹಿಡಿಯುವಷ್ಟು ಬಿರುಕು. ಒಂದು ಪಕ್ಕ ಹಸಿರು ಪಾಚಿ, ಬೆರಳಿಟ್ಟರೆ ಅವಲಕ್ಕಿಯ ಹಾಗೆ ಉದುರುತ್ತದೆ. ಉಂಗುರ ಒಂದೂ ಕಾಣುವುದಿಲ್ಲ.

ಸ್ಕೂಲ್ ಕಮಿಟಿಯ ಗಂಗುಲಪ್ಪನವರು ನಿನ್ನೆ ಬಂದು, "ಏನ್ ಮೇಷ್ಟ್ರೇ, ಈ ಹೆಣಾನ ಇನ್ನೆಷ್ಟ್ ದಿನ ಇಟ್ಕೋತೀರಿ? ಯುಗಾದಿಗೆ ಕಟ್ಟೆ ಖಾಲಿ ಮಾಡಿ, ನಮ್ಮ ಆಲೆಮನೆ ಒಲೆಗಾದ್ರೂ ಆಯ್ತದೆ" ಎಂದರು. ಆಗ ನನಗೆ ಹೊಳೆದದ್ದು ನಿಮ್ಮ ಮುಖ.

ಅಂದು ಕೊಯ್ಯುವ ಮುಂಚೆ ನೀವು "ಬೇಡ" ಎಂದಿರಿ. "ಕೊಯ್ಯೋದು ನಿನ್ನ ಕೆಲಸ, ಯೋಚನೆ ನಮಗೆ ಬಿಡು" ಎಂದುಬಿಟ್ಟೆ, ಅದೂ ಊರವರೆಲ್ಲರ ಎದುರಿಗೆ, ದಿನಾ ಸಂಜೆ ಒಂದೇ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದ ಗೆಳೆಯನಿಗೆ. ನೀವು ಮಾತಾಡದೆ ಕೊಯ್ದಿರಿ, ಗರಗಸ ಹೆಗಲಿಗೆ ಹಾಕಿದಿರಿ, ಊರು ಬಿಟ್ಟಿರಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ನನ್ನ ಹತ್ತಿರ ಆನೆಯೂ ಇಲ್ಲ.

ಬಿಲ್ಲೆಯನ್ನು ಉಳಿಸುವ ದಾರಿ ಇದೆಯೇ? ಅಷ್ಟು ಮಾತ್ರ ತಿಳಿಸಿ.

ಇತಿ,
ಕೋದಂಡರಾಮಪ್ಪ


ಮಾಲೂರು,
ನವೆಂಬರ್ 21, 1941

ಹೆಡ್‌ಮಾಸ್ಟರವರಿಗೆ,

ಕಾಗದ ತಲುಪಿತು. ಮೂರು ಕೆಲಸ ಮಾಡಿ ನನಗೆ ಬರೆಯಿರಿ.

ಒಂದು ಮರದ ಸುತ್ತಿಗೆಯಿಂದ ಬಿಲ್ಲೆಯನ್ನು ಎಲ್ಲ ಕಡೆ ತಟ್ಟಿರಿ. ಎಲ್ಲಿ ಟಣ್ಣೆನ್ನುತ್ತದೆ, ಎಲ್ಲಿ ದೊಪ್ಪೆನ್ನುತ್ತದೆ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆಮೇಲೆ ನಾಲ್ಕು ಜನ ಹಿಡಿದು ಎತ್ತಿ ಅಡಿಭಾಗ ನೋಡಿ, ಗೆದ್ದಲು ಇದೆಯೋ ಇಲ್ಲವೋ. ಕಡೆಗೆ ಮೂಗಿಟ್ಟು ವಾಸನೆ ನೋಡಿ. ಬೇವಿನ ಕಹಿ ಇನ್ನೂ ಬರುತ್ತಿದ್ದರೆ ಜೀವ ಇದೆ.

ನಾನು ಬರಲಾಗುವುದಿಲ್ಲ. ಕೆಲಸ ಹೆಚ್ಚು.

ಮುನಿರಾಮಪ್ಪ, ಬಡಗಿ


ಯಲ್ದೂರು,
ಡಿಸೆಂಬರ್ 2, 1941

ಮುನಿರಾಮಪ್ಪನವರಿಗೆ,

ಹೇಳಿದ್ದನ್ನೆಲ್ಲ ಮಾಡಿದೆ. ಹೆಡ್‌ಮಾಸ್ಟರು ಮಂಡಿಯೂರಿ ಮರದ ತುಂಡು ಮೂಸುವುದನ್ನು ನೋಡಲು ಸಂತೆಯಷ್ಟು ಜನ ಸೇರಿತ್ತು. "ಮೇಷ್ಟ್ರಿಗೆ ಯಾವ ದೆವ್ವ ಮೆಟ್ಕೊಂತೋ" ಎಂದು ಒಬ್ಬಳು ಅಂದದ್ದು ಕಿವಿಗೆ ಬಿತ್ತು.

ಉತ್ತರದ ಅರ್ಧ ಟಣ್ಣೆನ್ನುತ್ತದೆ. ದಕ್ಷಿಣದ ಅಂಚು ದೊಪ್ಪ. ಅಡಿಯಲ್ಲಿ ಗೆದ್ದಲು ಮಣ್ಣು ಕಟ್ಟಿದೆ, ಆದರೆ ಅಂಚಿನಲ್ಲಿ ಮಾತ್ರ. ಒಳಗಿನ ಕೆಂಪು ತಿರುಳನ್ನು ಅದು ಮುಟ್ಟಿಲ್ಲ. ಕಹಿ ವಾಸನೆ ಬರುತ್ತದೆ. ಮೂಗಿಗೆ ಬಡಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಹತ್ತು ವರ್ಷ ಬಿಸಿಲು ಮಳೆಗೆ ಬಿದ್ದ ಮರ ಇನ್ನೂ ತನ್ನ ಕಹಿ ಬಿಟ್ಟಿಲ್ಲ!

ಒಂದು ಸಂಗತಿ ಅರ್ಥವಾಗಲಿಲ್ಲ. ದೀಪಾವಳಿಯ ಮೇಲೆ ಇಲ್ಲಿ ಒಂದು ಹನಿ ಮಳೆಯಿಲ್ಲ. ಆದರೂ ಬಿಲ್ಲೆಯ ಅಡಿ ಒದ್ದೆಯಾಗಿತ್ತು. ಕಹಿಯ ಜೊತೆಗೆ ಸೀಗೆಕಾಯಿಯ ವಾಸನೆಯೂ ಇತ್ತು.

ಇತಿ,
ಕೋದಂಡರಾಮಪ್ಪ


ಮಾಲೂರು,
ಡಿಸೆಂಬರ್ 10, 1941

ಹೆಡ್‌ಮಾಸ್ಟರವರಿಗೆ,

ಮರ ಉಳಿಯುತ್ತದೆ. ನಾನು ಹೇಳಿದ ಹಾಗೆ ಮಾಡಿದರೆ.

ಉದ್ದಕ್ಕೆ ಸೀಳಿದ ಹಲಗೆ ಬೇರೆ, ಅಡ್ಡ ಕೊಯ್ದ ಬಿಲ್ಲೆ ಬೇರೆ. ಮರ ಬೇರಿನಿಂದ ನೀರು ಎಳೆದದ್ದು ಕೂದಲಿಗಿಂತ ಸಣ್ಣ ಕೊಳವೆಗಳಲ್ಲಿ. ಅಡ್ಡ ಕೊಯ್ದಾಗ ಅವಷ್ಟೂ ಬಾಯಿ ತೆರೆದುಕೊಳ್ಳುತ್ತವೆ. ಲಕ್ಷಾಂತರ ಬಾಯಿ. ನೀರು ಕೊಟ್ಟರೆ ನೀರು ಕುಡಿಯುತ್ತವೆ, ಎಣ್ಣೆ ಕೊಟ್ಟರೆ ಎಣ್ಣೆ. ಮರ ಸತ್ತ ಮೇಲೂ ಈ ಅಭ್ಯಾಸ ಬಿಡುವುದಿಲ್ಲ. ನಲವತ್ತು ವರ್ಷ ಈ ಕೆಲಸ ಮಾಡಿದ್ದೇನೆ, ಇದೊಂದನ್ನು ನೋಡಿದಾಗ ಇವತ್ತಿಗೂ ನನ್ನ ಕೈ ನಿಲ್ಲುತ್ತದೆ.

ಬಿಲ್ಲೆಯನ್ನು ಶಾಲೆಯ ಒಳಗಿಡಿ. ಬಿಸಿಲಿಗೆ ಇಟ್ಟು ಬೇಗ ಒಣಗಿಸುವ ಆತುರ ಬೇಡ, ಇನ್ನೂ ಸಿಡಿಯುತ್ತದೆ. ಸುತ್ತ ರಾಗಿಹುಲ್ಲು ಹೊದಿಸಿ ಆರು ವಾರ ಬಿಡಿ. ಕೊಳೆತದ್ದನ್ನು ಉಳಿಯಿಂದ ಕೆರೆದು ತೆಗೆಯಿರಿ. ಉತ್ತರದ ಅಂಚನ್ನು ಮಾತ್ರ ಮುಟ್ಟಬೇಡಿ. ಮರದ ಕೊನೆಯ ವರ್ಷ ಅಲ್ಲಿದೆ, ಅದು ಹೋದರೆ ಲೆಕ್ಕ ಹೋಯಿತು.

ಯಾರೋ ಅದಕ್ಕೆ ನೀರು ಹುಯ್ಯುತ್ತಿದ್ದಾರೆ. ಮೊದಲು ಅದನ್ನು ಪತ್ತೆ ಮಾಡಿ.

ಮುನಿರಾಮಪ್ಪ, ಬಡಗಿ


ಯಲ್ದೂರು,
ಡಿಸೆಂಬರ್ 20, 1941

ಮುನಿರಾಮಪ್ಪನವರಿಗೆ,

ಕಳ್ಳ ಸಿಕ್ಕಿದ! ಕಳ್ಳನಲ್ಲ, ಕಳ್ಳಿ.

ಒಳಗಿಡುವ ಮುಂಚೆ ಒಂದು ಶುಕ್ರವಾರ ಕೋಳಿ ಕೂಗುವ ಹೊತ್ತಿಗೇ ಹೋಗಿ ಶಾಲೆಯ ಕಂಬದ ಹಿಂದೆ ನಿಂತೆ. ಮಾವಿನ ತೋಪು ಕಾಯುವ ಮುದುಕಿ ಕದಿರಮ್ಮ ಬಂದಳು. ತಲೆಯ ಮೇಲೆ ಬಿಸಿನೀರಿನ ಹಂಡೆ, ಸೊಂಟದಲ್ಲಿ ಸೀಗೆಕಾಯಿಯ ಗಂಟು. ಬಿಲ್ಲೆಯ ಮೇಲೆ ಅಂಗೈಯಿಂದ ಎಣ್ಣೆ ಸವರಿ, ಸೀಗೆಪುಡಿ ಹಾಕಿ ತಿಕ್ಕಿ, ಚೊಂಬು ಚೊಂಬು ನೀರು ಹುಯ್ದು, ತನ್ನ ಸೆರಗಿನಿಂದ ಒರೆಸಿದಳು. ತಲೆಸ್ನಾನ, ಸ್ವಾಮಿ, ಸಾಕ್ಷಾತ್ ತಲೆಸ್ನಾನ! ಬಿರುಕಿನೊಳಕ್ಕೆ ನೀರು ಗುಳುಗುಳು ಇಳಿಯುತ್ತಿತ್ತು.

ನನಗೆ ರೇಗಿಹೋಯಿತು. ಹೊರಗೆ ಬಂದು, "ಏನಮ್ಮಾ ಇದು? ಹತ್ತು ವರ್ಷದಿಂದ ಕೊಳೆಸ್ತಾ ಇರೋಳು ನೀನೇನಾ?" ಎಂದೆ. ಅವಳು ಬೆದರಿ, "ಮಾ ಅಮ್ಮ ಸಾಮಿ, ಶುಕ್ರವಾರ ಅಲ್ವಾ" ಎಂದಳು. "ಇದು ಮರ ಕಣಮ್ಮ, ನಿಮ್ಮಮ್ಮ ಅಲ್ಲ. ಇನ್ನೊಂದು ಸಲ ನೀರು ತಂದರೆ ಅಮಲ್ದಾರರಿಗೆ ಬರೀತೀನಿ" ಎಂದು ಗದರಿಸಿದೆ. ಒದ್ದೆ ಸೆರಗು ಹಿಂಡಿಕೊಂಡು ಹೋದಳು. ಹಂಡೆ ಇಲ್ಲೇ ಬಿಟ್ಟಿದ್ದಾಳೆ. ಒಂದು ವಾರವಾಯಿತು, ತೆಗೆದುಕೊಳ್ಳಲು ಬಂದಿಲ್ಲ.

ಅಂತೂ ಕಾಟ ತಪ್ಪಿತು. ಬಿಲ್ಲೆ ಹುಲ್ಲು ಹೊದ್ದು ಬಾಣಂತಿಯ ಹಾಗೆ ಮೂಲೆಯಲ್ಲಿ ಮಲಗಿದೆ.

ಇತಿ,
ಕೋದಂಡರಾಮಪ್ಪ


ಮಾಲೂರು,
ಡಿಸೆಂಬರ್ 26, 1941

ಲೋ ಕೋದಂಡರಾಮ,

ನಿನಗೆ ಓದು ಕಲಿಸಿದವರು ಯಾರೋ, ಬುದ್ಧಿ ಕಲಿಸಲು ಮರೆತರು.

ನೀನು ಸುಗಟೂರಿನಿಂದ ಬಂದವನು, ನಿನಗೆ ಗೊತ್ತಿಲ್ಲ. ಗೊತ್ತಿಲ್ಲದವನು ಕೇಳಬೇಕು. ಕದಿರಮ್ಮ ನನ್ನ ಸೋದರತ್ತೆ. ಹೊಟ್ಟೆಯಲ್ಲಿ ಹುಟ್ಟಿದ ಅತ್ತೆಯಲ್ಲ. ಧಾತು ಸಂವತ್ಸರದ ದೊಡ್ಡ ಬರದಲ್ಲಿ ಜನ ಗಂಜಿ ಎಲ್ಲಿ ಹುಯ್ಯುತ್ತಾರೆಂದು ಕೇಳಿಕೊಂಡು ಕೋಲಾರದ ಕಡೆಗೆ ನಡೆದು ಹೋಗುತ್ತಿದ್ದರಂತೆ. ಎಲ್ಲ ಮರವೂ ಬೋಳು. ಆ ಬೇವಿನಲ್ಲಿ ಮಾತ್ರ ನಾಲ್ಕು ಎಲೆ ಇತ್ತು, ಅಷ್ಟು ನೆರಳಿತ್ತು. ಯಾವಳೋ ತಾಯಿ ಅಲ್ಲಿ ತನ್ನ ಕೂಸನ್ನು ಮಲಗಿಸಿ, ಸೆರಗು ಹರಿದು ಹೊದಿಸಿ, ಎದ್ದು ಹೋದಳು. ನಮ್ಮಜ್ಜಿ ದೊಡ್ಡಮುನಿಯಮ್ಮ ಅಳುವಿನ ಸದ್ದು ಕೇಳಿ ಎತ್ತಿಕೊಂಡು ಬಂದಳು. ಅದೇ ಕದಿರತ್ತೆ. ಹೆತ್ತವಳ ಹೆಸರಿಲ್ಲ, ಊರಿಲ್ಲ, ಮುಖವಿಲ್ಲ. ಚಿಕ್ಕಂದಿನಲ್ಲಿ "ನಮ್ಮಮ್ಮ ಯಾರು" ಎಂದು ಕೇಳಿದಾಗೆಲ್ಲ ಅಜ್ಜಿ ಆ ಮರ ತೋರಿಸಿ, "ಅದುಗೋ, ಅಲ್ಲಿ ನಿಂತವ್ಳೆ ನೋಡು" ಎನ್ನುತ್ತಿದ್ದಳು.

ಮರ ಬಿದ್ದಾಗ ನಾನು ಬೇಡ ಎಂದದ್ದು ಸಿಡಿಯುತ್ತದೆಂಬ ಭಯಕ್ಕಲ್ಲ. ಆ ಬುಡದ ಮರದಲ್ಲಿ ಅತ್ತೆಯ ಗುಡಿಸಲಿಗೆ ಒಂದು ಬಾಗಿಲು ಮಾಡಿಕೊಡಬೇಕೆಂದಿದ್ದೆ. ಹೇಳುವುದಕ್ಕೆ ನೀನು ಬಿಡಲಿಲ್ಲ. ನಾನೂ ಹಟಕ್ಕೆ ಬಿದ್ದು ಬಾಯಿ ಮುಚ್ಚಿಕೊಂಡೆ.

ಹಂಡೆ ನೀನೇ ಹೊತ್ತುಕೊಂಡು ಹೋಗಿ ಕೊಟ್ಟು ಬಾ.

ಮುನಿರಾಮಪ್ಪ


ಯಲ್ದೂರು,
ಜನವರಿ 25, 1942

ಮುನಿರಾಮ,

ಒಂದು ತಿಂಗಳು ಬರೆಯಲಿಲ್ಲ. ಪೆನ್ನು ಹಿಡಿದಾಗೆಲ್ಲ ನಾಚಿಕೆಯಾಗುತ್ತಿತ್ತು. ಒಬ್ಬನ ಬಾಯಿ ಮುಚ್ಚಿಸಿ ಹತ್ತು ವರ್ಷ ಕಳೆದುಕೊಂಡವನು ನಾನು. ಬುದ್ಧಿ ಬಂದಿದೆ ಎಂದುಕೊಂಡಿದ್ದೆ. ಮಾತು ಮಾತ್ರ ಅದೇ ಬಂತು.

ನಿನ್ನ ಕಾಗದ ಕಂಡ ದಿನವೇ ಹಂಡೆ ಹೊತ್ತುಕೊಂಡು ತೋಪಿಗೆ ಹೋದೆ. ಕದಿರಮ್ಮ ಗುಡಿಸಲ ಮುಂದೆ ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ಮರುದಿನ ಹೋದೆ, ಆಡಲಿಲ್ಲ. ಹೀಗೆ ಹದಿನೇಳು ದಿನ. ಹದಿನೆಂಟನೆಯ ದಿನ ತಾನಾಗಿಯೇ, "ಕಾಫಿ ಇಲ್ಲ ಸಾಮಿ, ರಾಗಿ ಅಂಬಲಿ ಐತೆ" ಎಂದಳು. ಎರಡು ಬಟ್ಟಲು ಕುಡಿದೆ.

ನೀನು ಬರೆದ ಲಕ್ಷಾಂತರ ಬಾಯಿಗಳ ಸಂಗತಿ ಹೇಳಿದೆ. "ನನ್ನನ್ನ ಮಡಿಲಿಗೆ ಹಾಕ್ಕೊಂಡಾಗ ಅದಕ್ಕೇ ಒಂದ್ ಹನಿ ನೀರಿರ್ಲಿಲ್ಲ ಸಾಮಿ. ಪಾಪ, ಬಾಯಾರಿರ್ತದೆ ಅಂತ ಹುಯ್ತಿದ್ದೆ" ಎಂದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು: "ಹಂಗಾದ್ರೆ ನಾನೇ ಕೊಳೆಸ್ದೆನಾ?"

ಮುನಿರಾಮ, ಇಪ್ಪತ್ತು ವರ್ಷ ಮೇಷ್ಟ್ರಾಗಿ ಎಷ್ಟೋ ಪ್ರಶ್ನೆಗೆ ಉತ್ತರ ಹೇಳಿದ್ದೇನೆ. ಇದಕ್ಕೆ ಹೇಳಲಾಗದೆ ಎದ್ದು ಬಂದೆ. ಏನು ಹೇಳಲಿ? ಇಲ್ಲ ಎಂದುಬಿಡಲೇ? ಬಿಲ್ಲೆ ಒಣಗಿದೆ, ಯುಗಾದಿ ಹತ್ತಿರ ಬರುತ್ತಿದೆ. ಆದರೆ ಈಗ ಗಂಗುಲಪ್ಪನವರ ಒಲೆಯ ಚಿಂತೆ ನನಗಿಲ್ಲ. ಈ ಮುದುಕಿ ತಾನೇ ತಾಯಿಯನ್ನು ಕೊಂದೆ ಎಂದುಕೊಂಡು ಸಾಯಬಾರದು, ಅಷ್ಟೇ.

ನಿನ್ನ
ಕೋದಂಡರಾಮ


ಮಾಲೂರು,
ಫೆಬ್ರವರಿ 3, 1942

ಕೋದಂಡರಾಮ,

ಸುಳ್ಳು ಹೇಳಬೇಡ. ಅವಳು ಮೂರ್ಖಳಲ್ಲ. ಕೊಯ್ದವನು ನಾನು, ಬಯಲಲ್ಲಿ ಮಲಗಿಸಿದವನು ನೀನು, ನೀರು ಹುಯ್ದವಳು ಅವಳು. ಮೂವರೂ ಸೇರಿ ಕೆಡಿಸಿದ್ದೇವೆ, ಮೂವರೂ ಸೇರಿ ಸರಿಮಾಡೋಣ. ಹೀಗೆಂದೇ ಹೇಳು. ಎಣ್ಣೆ ಹಚ್ಚುವ ಕೆಲಸ ಅವಳ ಕೈಗೇ ಕೊಡು. ಎಣ್ಣೆ ನೀರು ಎರಡೂ ಹಾಕುತ್ತಿದ್ದವಳು ನೀರೊಂದು ಬಿಟ್ಟರಾಯಿತು. ವಯಸ್ಸಾದವರಿಗೆ ಎಣ್ಣೆ ತಿಕ್ಕಿ, ಶೀತವಾದೀತೆಂದು ತಲೆಗೆ ನೀರು ಹಾಕದೆ ಬಿಡುವುದಿಲ್ಲವೇ, ಹಾಗೆ.

ಅಗಸೆ ಎಣ್ಣೆ, ಜೇನುಮೇಣ, ಇನ್ನೂರು ಹೆಂಚು, ಎರಡು ಬೆಣೆ ಬೌರಿಂಗ್‌ಪೇಟೆಯ ಮೇಲೆ ಸಣ್ಣ ರೈಲಿನಲ್ಲಿ ಶ್ರೀನಿವಾಸಪುರಕ್ಕೆ ಕಳಿಸಿದ್ದೇನೆ. ಬಿರುಕನ್ನು ಮುಚ್ಚಲು ಹೋಗಬೇಡ. ಅದು ಇನ್ನೂ ಅಗಲವಾಗದಂತೆ ಡಮರುವಿನ ಆಕಾರದ ಆ ಬೆಣೆಗಳನ್ನು ಅಡ್ಡ ಕೂರಿಸು. ಮುಖವನ್ನು ಮೊದಲು ಉಳಿಯಿಂದ ಹೆರೆದು, ಆಮೇಲೆ ಒರಟಾದ ಗರಗತ್ತಿ ಎಲೆಯಿಂದ ಉಜ್ಜು, ಕೈಗೆ ರೇಷ್ಮೆಯಂತೆ ಸಿಗುವವರೆಗೆ. ಎಣ್ಣೆ ಬೆಚ್ಚಗೆ ಮಾಡಿ ತೆಳ್ಳಗೆ ಹಚ್ಚಿ ಒರೆಸಬೇಕು. ಐದು ದಿನ ಬಿಟ್ಟು ಮತ್ತೆ. ಹೀಗೆ ಐದು ಸಲ. ಕಡೆಗೆ ಮೇಣ. ಕಟ್ಟೆಯ ಮೇಲೆ ಮಲಗಿಸಬೇಡ, ಎರಡು ಕಲ್ಲಿನ ಮೇಲೆ ನಿಲ್ಲಿಸಿ ಮೇಲೆ ಹೆಂಚಿನ ಮಾಡು ಕಟ್ಟು. ಯುದ್ಧದಿಂದ ಮೊಳೆ ಸಿಗುವುದಿಲ್ಲ, ಬಿದಿರಿನ ಮೊಳೆ ಸಾಕು.

ಉಂಗುರ ಎಣಿಸುವಾಗ ಎಚ್ಚರ. ಬೇವು ಒಮ್ಮೊಮ್ಮೆ ಒಂದು ವರ್ಷ ನುಂಗಿಬಿಡುತ್ತದೆ. ಒಂದೆರಡು ಹೆಚ್ಚು ಕಡಿಮೆ ಬಂದರೆ ತಿದ್ದಿ ಹೇಳಬೇಡ. ಮರ ಬರೆದದ್ದನ್ನು ಇದ್ದ ಹಾಗೆ ಓದು.

ಮುನಿರಾಮ


ಯಲ್ದೂರು,
ಮಾರ್ಚ್ 19, 1942

ಪ್ರಿಯ ಮುನಿರಾಮ,

ಮೊನ್ನೆ ಯುಗಾದಿಯ ದಿನ ಬಿಲ್ಲೆಯನ್ನು ನಿಲ್ಲಿಸಿದೆವು. ನಡೆದದ್ದನ್ನು ನಿನಗೆ ಹೇಳದೆ ನನ್ನಿಂದ ಇರಲಾಗುತ್ತಿಲ್ಲ. ಎರಡು ದಿನದಿಂದ ಪಾಠ ಮಾಡುತ್ತಾ ಮಾಡುತ್ತಾ ನಿಂತುಬಿಡುತ್ತೇನೆ.

ನಿನ್ನ ಮಾತನ್ನು ಕದಿರಮ್ಮನಿಗೆ ಇದ್ದಂತೆಯೇ ಹೇಳಿದ್ದೆ. "ಮೂವರೂನಾ?" ಎಂದು ಎರಡು ಸಲ ಕೇಳಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಎಲ್ಲೈತೆ ಎಣ್ಣೆ?" ಎಂದಳು. ಅಲ್ಲಿಂದಾಚೆಗೆ ದಿನವೂ ಬಂದಳು. ನಾನು ಹೆರೆದೆ, ಇಬ್ಬರೂ ಉಜ್ಜಿದೆವು. ನನ್ನ ಅಂಗೈ ಬೊಕ್ಕೆ ಒಡೆದಾಗ ನಿನ್ನ ಕೆಲಸ ಎಂಥದೆಂದು ಮೊದಲ ಸಲ ತಿಳಿಯಿತು. ಬೂದಿ ಬಣ್ಣದ ಅಡಿಯಿಂದ ಮೆಲ್ಲಗೆ ಕೆಂಪು ಬಂತು. ಮೊದಲ ಎಣ್ಣೆ ಹಚ್ಚಿದ ಬೆಳಿಗ್ಗೆ, ಕದಿರಮ್ಮನ ಕೈ ಸರಿದ ಕಡೆಯೆಲ್ಲ ಉಂಗುರಗಳು ಒಂದರ ಹಿಂದೊಂದು ಎದ್ದು ಬಂದವು. ಅಷ್ಟೂ ವರ್ಷ ಅಲ್ಲೇ ಇದ್ದವು, ಮುನಿರಾಮ, ಒಂದೂ ಎಲ್ಲಿಗೂ ಹೋಗಿರಲಿಲ್ಲ!

ಯುಗಾದಿಯ ಬೇವುಬೆಲ್ಲ ತಿಂದುಕೊಂಡು ಊರೆಲ್ಲ ಬಂತು. ಉತ್ತರದ ಅಂಚಿನಿಂದ ಒಳಕ್ಕೆ ಎಣಿಸುತ್ತಾ ಹತ್ತಕ್ಕೊಂದು ಗುಂಡುಸೂಜಿ ಚುಚ್ಚಿದೆ. ಗಂಗುಲಪ್ಪನವರು ಹಿಂದೆ ನಿಂತು ಗೊಣಗುತ್ತಿದ್ದವರು ಮೆಲ್ಲಗೆ ಮುಂದೆ ಬಂದು, "ನಾನು ಹುಟ್ಟಿದ್ದು ಎಲ್ಲಿ ಬತ್ತದೆ ಮೇಷ್ಟ್ರೇ?" ಎಂದರು. ತೋರಿಸಿದೆ. ಕನ್ನಡಕ ಒರೆಸಿಕೊಂಡು ನೋಡಿದರು. "ನಮ್ಮಪ್ಪ ಸತ್ತಿದ್ದು?" ಅದು ನಾಲ್ಕು ಬೆರಳು ಆಚೆಗಿತ್ತು. ಅವರು ಎರಡರ ಮೇಲೂ ಒಂದೊಂದು ಬೆರಳಿಟ್ಟು, "ಇಷ್ಟೇನಾ?" ಎಂದರು. ಆಲೆಮನೆಯ ಮಾತು ಮತ್ತೆ ಎತ್ತಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಂದು ತಮ್ಮ ವರ್ಷ ಕೇಳಿದರು. ಮದುವೆಯ ವರ್ಷ, ಪ್ಲೇಗಿನ ವರ್ಷ, ಕೆರೆ ಕೋಡಿ ಬಿದ್ದ ವರ್ಷ. ಗಲಾಟೆಯ ಜನ ಅವತ್ತು ಗುಡಿಯಲ್ಲಿ ಮಾತಾಡುವ ಹಾಗೆ ಮಾತಾಡಿದರು.

ಎಲ್ಲರೂ ಸರಿದ ಮೇಲೆ ಕದಿರಮ್ಮ ಬಂದಳು. ಧಾತು ಸಂವತ್ಸರ, ಅಂದರೆ ಸಾವಿರದ ಎಂಟುನೂರ ಎಪ್ಪತ್ತಾರು, ಐವತ್ತೈದನೆಯ ಉಂಗುರವಾಗಬೇಕು. ಎಣಿಸಿದೆ. ಐವತ್ತಮೂರು, ಐವತ್ತನಾಲ್ಕು. ಅಲ್ಲಿ ಎರಡು ಗೆರೆ, ಕೂದಲಿನಷ್ಟು ಸಣ್ಣ, ಒಂದಕ್ಕೊಂದು ಅಂಟಿಕೊಂಡಿದ್ದವು. ಇಡೀ ಬಿಲ್ಲೆಯಲ್ಲಿ ಅಂಥವು ಬೇರೆಲ್ಲೂ ಇಲ್ಲ. ಲೆಕ್ಕಕ್ಕೆ ಒಂದು ಕಡಿಮೆ, ನೀನು ಹೇಳಿದಂತೆ ಬೇವು ಒಂದು ವರ್ಷ ನುಂಗಿತ್ತು. ಅದನ್ನೂ ಅವಳಿಗೆ ಹೇಳಿ, "ಬರ ಇದೇ ಕಣಮ್ಮ. ನಿನ್ನನ್ನು ಇದರ ಕೆಳಗೆ ಮಲಗಿಸಿದಾಗ ಮರ ಬೆಳೆದದ್ದು ಇಷ್ಟೇ" ಎಂದೆ.

ಅವಳು ಉಗುರಿನ ತುದಿಯಿಂದ ಆ ಗೆರೆ ಮುಟ್ಟಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಹೊರಗಿನ ಅಂಚಿನವರೆಗೆ ಬೆರಳು ಎಳೆದು, "ಇದೆಲ್ಲ ನನ್ನ ಬದುಕು" ಎಂದಳು. ಆಮೇಲೆ ಬೆರಳನ್ನು ಹಿಂದಕ್ಕೆ ತಂದು, ಆ ಗೆರೆ ದಾಟಿಸಿ ಒಳಕ್ಕಿಟ್ಟಳು.

"ಸಾಮಿ, ಇದು?"

"ಅದು ನೀನು ಹುಟ್ಟೋಕೆ ಮುಂಚಿನ ವರ್ಷ."

"ಅಂದ್ರೆ ನನ್ನ ಹೆತ್ತೋಳು ಇದ್ದ ವರ್ಷ."

ಮುನಿರಾಮ, ಎಷ್ಟೋ ಸಲ ಎಣಿಸಿದ್ದೆ, ನನಗೆ ಇದು ಹೊಳೆದಿರಲಿಲ್ಲ. ಹೌದೆಂದೆ.

"ಎಷ್ಟು ವಯಸ್ಸಿತ್ತೋ ಆಯಮ್ಮಂಗೆ. ಇಪ್ಪತ್ತು ಅಂತ ಇಟ್ಕೊಳ್ಳೋಣ" ಎಂದು ಒಂದೊಂದೇ ಉಂಗುರ ಮುಟ್ಟುತ್ತಾ ಒಳಕ್ಕೆ ಹೋದಳು. ನಾನು ಜೊತೆಯಲ್ಲಿ ಎಣಿಸಿದೆ. ಇಪ್ಪತ್ತಕ್ಕೆ ನಿಂತಳು. ಅಲ್ಲಿಂದ ಈಚೆಗೆ ಹತ್ತು ಹನ್ನೆರಡು ಉಂಗುರ ಒಂದೊಂದೂ ರಾಗಿ ತೆನೆಯ ದಂಟಿನಷ್ಟು ದಪ್ಪ, ತುಂಬಿಕೊಂಡು, ಎಣ್ಣೆಯಲ್ಲಿ ಮಿರುಗುತ್ತಿದ್ದವು.

"ಇಲ್ಲಿ ಮಳೆ ಚೆನ್ನಾಗಿ ಬಂದೈತೆ ಅಲ್ವಾ ಸಾಮಿ? ಸುಳ್ಳು ಹೇಳ್ಬೇಡಿ."

"ಇಲ್ಲಮ್ಮ, ಸುಳ್ಳಲ್ಲ. ವರ್ಷ ವರ್ಷವೂ ಚೆನ್ನಾಗಿ ಬಂದಿದೆ."

ಅವಳು ಅಂಗೈಯನ್ನು ಆ ಉಂಗುರಗಳ ಮೇಲೆ ಅಗಲವಾಗಿ ಇಟ್ಟುಕೊಂಡು ನಿಂತಳು. ನಕ್ಕಳು.

"ಹಂಗಾದ್ರೆ ಚಿಕ್ಕೋಳಿದ್ದಾಗ ಹೊಟ್ಟೆ ತುಂಬ ಉಂಡವ್ಳೆ ನಮ್ಮಮ್ಮ."

ನಿನ್ನ,
ಕೋದಂಡರಾಮ